ಗಡಿಯಾರದಕ್ಕನ ಎಂಟು ದಿನ

ಅಂಗಡಿ ಎಂಟು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಬಾಗಿಲ ಬಳಿಯ ಬೆಳಕು ತಮ್ಮನದು, ಒಳಗಿನ ಗೋಡೆ ಅಕ್ಕನದು. ಪಾಲು ಮಾಡಿದವನು ಅವರ ಅಪ್ಪ. ಮಗನ ಬೆರಳು ಸಪೂರ, ಆದ್ದರಿಂದ ಕೈಗಡಿಯಾರ ಅವನಿಗೆ. ಮಗಳ ಅಂಗೈ ಅಗಲ, ಆದ್ದರಿಂದ ಗೋಡೆ ಗಡಿಯಾರ ಅವಳಿಗೆ. ಇಬ್ಬರನ್ನು ಕೇಳಿ ಮಾಡಿದ ಪಾಲಲ್ಲ. ಆದರೂ ಅಪ್ಪ ತೀರಿಕೊಂಡು ಮೂವತ್ತು ವರ್ಷವಾದ ಮೇಲೂ ಅಕ್ಕ ಕೈಗಡಿಯಾರ ಬಿಚ್ಚಲಿಲ್ಲ, ತಮ್ಮ ಏಣಿ ಹತ್ತಲಿಲ್ಲ.

ಬೀದಿಯವರಿಗೆಲ್ಲ ಅವಳು ಗಡಿಯಾರದಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪಕ್ಕದಂಗಡಿಯ ದರ್ಜಿಯೂ ಹಾಗೆಯೇ ಕರೆಯುತ್ತಿದ್ದ. ಎತ್ತರದ ಹೆಂಗಸು, ನಡಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಇದ್ದ ಕಾಲದಲ್ಲಿ, "ನಿಂತುಹೋದದ್ದನ್ನೆಲ್ಲ ಓಡಿಸೋದ್ರಲ್ಲೇ ದಿನ ಕಳೀತಿದೆ, ಮನೆಗೆ ಬೇರೆ ಒಂದು ತರಲಾ?" ಎನ್ನುತ್ತಿದ್ದಳು. ಅಂಗಡಿಯ ಮೇಲಿನ ಮನೆಯಲ್ಲಿ ತಮ್ಮ, ಅವನ ಹೆಂಡತಿ, ಅವಳು, ಮೂವರೇ ಇದ್ದರು.

ಗಿರಾಕಿಗಳಿಗೆ ಅವಳಿಂದ ಒಂದು ಕಾಟವಿತ್ತು. ಗಡಿಯಾರಕ್ಕೆ ಏನಾಗಿತ್ತು ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ, ಪೆಟ್ಟಿಗೆ ತೆರೆದು ಪೂರ್ತಿ ತೋರಿಸದೆ ಬಿಡುತ್ತಿರಲಿಲ್ಲ.

"ಇಲ್ಲಿ ನೋಡಿ. ಕೀ ಕೊಟ್ರೆ ಈ ಡಬ್ಬಿಯೊಳಗಿನ ಸ್ಪ್ರಿಂಗ್ ಸುತ್ಕೊಳ್ಳುತ್ತೆ. ಸುತ್ಕೊಂಡಿದ್ದಕ್ಕೆ ಬಿಚ್ಕೊಳ್ಳೋ ಆತುರ. ಬಿಟ್ರೆ ಅರ್ಧ ನಿಮಿಷದಲ್ಲಿ ಎಲ್ಲ ಚಕ್ರಾನೂ ಗಿರ್ರಂತ ತಿರುಗಿಸಿ ಸುಮ್ನಾಗಿಬಿಡುತ್ತೆ. ಎಂಟು ದಿನದ ಸಂಬಳ ಒಂದೇ ಸಂಜೆ ಖರ್ಚು ಮಾಡೋರ ಹಾಗೆ."

"ನಮ್ಮ ಯಜಮಾನ್ರ ಹಾಗೆ ಅನ್ನಿ" ಎಂದಳು ಒಬ್ಬಳು ಗಿರಾಕಿ.

"ಅವರಿಗೆ ನೀವಿದ್ದೀರಲ್ಲ. ಇದಕ್ಕೆ ಈ ಲಂಗರು ಇದೆ."

ಕೊನೆಯ ಹಲ್ಲುಚಕ್ರದ ಮೇಲೆ ಸವಾರಿ ಕೂತ, ಎರಡು ತೋಳಿನ ಒಂದು ಸಣ್ಣ ಉಕ್ಕಿನ ತುಂಡನ್ನು ಅವಳು ಕಡ್ಡಿಯಲ್ಲಿ ಮುಟ್ಟಿ ತೋರಿಸುತ್ತಿದ್ದಳು. ಲೋಲಕ ಎಡಕ್ಕೆ ಹೋದಾಗ ಒಂದು ತೋಳು ಮೇಲೇಳುತ್ತದೆ, ಒಂದು ಹಲ್ಲು ಜಾರಿ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ತೋಳು ಅಡ್ಡ ಬರುತ್ತದೆ. ಟಿಕ್. ಲೋಲಕ ಬಲಕ್ಕೆ ಬಂದಾಗ ಅದೇ ಕೆಲಸ ಮತ್ತೊಮ್ಮೆ. ಟಾಕ್. ಜಾರುವ ಹಲ್ಲು ಸುಮ್ಮನೆ ಜಾರುವುದಿಲ್ಲ. ಹೋಗುತ್ತ ಲಂಗರಿಗೆ ಒಂದು ತಳ್ಳು ಕೊಟ್ಟು ಹೋಗುತ್ತದೆ. ಆ ತಳ್ಳು ಒಂದು ಕವಲು ತಂತಿಯ ಮೂಲಕ ಲೋಲಕಕ್ಕೆ ಮುಟ್ಟುತ್ತದೆ. ಆ ತಂತಿಯನ್ನು ಅವಳು ಕವೆ ಎನ್ನುತ್ತಿದ್ದಳು. ಲೋಲಕ ಚಕ್ರವನ್ನು ತಡೆಯುತ್ತದೆ, ಚಕ್ರ ಲೋಲಕವನ್ನು ತೂಗುತ್ತದೆ. ಯಂತ್ರವೆಂದರೆ ಇಷ್ಟೇ. ಉಳಿದದ್ದೆಲ್ಲ ಮುಳ್ಳು ತಿರುಗಿಸುವ ಕೆಲಸ.

ಟಿಕ್‌ನಿಂದ ಟಾಕ್‌ಗೆ ಎಷ್ಟು ಹೊತ್ತೋ ಟಾಕ್‌ನಿಂದ ಟಿಕ್‌ಗೂ ಅಷ್ಟೇ ಹೊತ್ತು ಹಿಡಿಯಬೇಕು. ಇದಕ್ಕೆ ಅವಳು ಇಟ್ಟ ಹೆಸರು ನಡಿಗೆ. ಎರಡು ಹೆಜ್ಜೆ ಸಮ ಬಿದ್ದರೆ ನಡಿಗೆ ಸರಿ, ಇಲ್ಲವಾದರೆ ಗಡಿಯಾರ ಕುಂಟುತ್ತಿದೆ. ಕುಂಟುವ ಗಡಿಯಾರವೂ ಮೊದಮೊದಲು ಓಡುತ್ತದೆ. ಸ್ಪ್ರಿಂಗ್ ಬಿಗಿಯಿರುವಷ್ಟು ದಿನ ತಳ್ಳು ಜೋರಾಗಿರುತ್ತದೆ, ಹೇಗೋ ಸಾಗುತ್ತದೆ. ಮೂರು ನಾಲ್ಕು ದಿನ ಕಳೆದು ಸ್ಪ್ರಿಂಗ್ ಸಡಿಲವಾದಂತೆ ಲೋಲಕಕ್ಕೆ ಒಂದು ಬದಿಯ ಹಲ್ಲನ್ನು ಬಿಡಿಸುವಷ್ಟು ದೂರ ತೂಗಲು ಆಗುವುದಿಲ್ಲ. ನಿಲ್ಲುತ್ತದೆ. ಇದಕ್ಕೆ ಮದ್ದು, ಕವೆಯನ್ನು ಕೂದಲೆಳೆಯಷ್ಟು ಬಗ್ಗಿಸುವುದು. ಎಷ್ಟು ಬಗ್ಗಿಸಬೇಕೆಂದು ಹೇಳಬೇಕಾದದ್ದು ಕಿವಿ.

ಅವಳಿಗೆ ಅರವತ್ತೊಂದು ತುಂಬಿದ ವರ್ಷ ಆ ಕಿವಿ ಕೈಕೊಟ್ಟಿತು.

ಮೊದಲು ಹೋದದ್ದು ಅಡುಗೆಮನೆಯ ಕುಕ್ಕರಿನ ಸೀಟಿ. ಆಮೇಲೆ ಕಿಟಕಿಯಾಚೆಯ ಹಕ್ಕಿಗಳು. ಜನರ ಮಾತು ಕೇಳುತ್ತಿತ್ತು, ದರ್ಜಿಯ ಯಂತ್ರದ ಗುರುಗುರು ಕೇಳುತ್ತಿತ್ತು, ಲಾರಿ ಕೇಳುತ್ತಿತ್ತು. ಸಣ್ಣ, ಚೂಪು ಸದ್ದುಗಳು ಒಂದೊಂದಾಗಿ ಕಳಚಿಕೊಂಡವು. ಹಾಗೆ ಕಳಚಿಕೊಂಡ ಸದ್ದುಗಳಲ್ಲಿ ಗಡಿಯಾರದ್ದೂ ಒಂದು. ಅವಳು ಯಾರಿಗೂ ಹೇಳಲಿಲ್ಲ. ಲೋಲಕವನ್ನು ಕಣ್ಣಲ್ಲಿ ನೋಡಿ, ಅಂದಾಜಿನಲ್ಲಿ ಕವೆ ಬಗ್ಗಿಸತೊಡಗಿದಳು. ಗಡಿಯಾರಗಳು ವಾಪಸ್ಸು ಬರತೊಡಗಿದವು. ಅವಳು ಎಣ್ಣೆಯನ್ನು ಬೈದಳು, ಗಿರಾಕಿಗಳ ಗೋಡೆಯನ್ನು ಬೈದಳು. "ನಿಮ್ಮನೆ ಗೋಡೆಯೇ ಸೊಟ್ಟ, ನಾನೇನು ಮಾಡಲಿ?" ಎಂದು ಒಬ್ಬ ಕಟ್ಟಡದ ಮೇಸ್ತ್ರಿಗೇ ಹೇಳಿದಳು. ಆತ ಮುಂದೆ ಅಂಗಡಿಗೆ ಬರಲಿಲ್ಲ.

ತಮ್ಮನಿಗೆ ಒಂದು ವಾರದಲ್ಲಿ ಗೊತ್ತಾಯಿತು. ಅವನೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಅವಳಿಗಿಂತ ಅರ್ಧ ಗಂಟೆ ಮೊದಲು ಕೆಳಗಿಳಿದು, ಒಳಗೋಡೆಯ ಗಡಿಯಾರಗಳಿಗೆ ಒಂದೊಂದಾಗಿ ಕಿವಿ ಇಟ್ಟು, ಕುಂಟುವುದರ ಕವೆಯನ್ನು ಚಿಮಟದಲ್ಲಿ ಸರಿಪಡಿಸಿ, ಏನೂ ಆಗದವನಂತೆ ತನ್ನ ಜಾಗದಲ್ಲಿ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದ. ಏಳು ತಿಂಗಳು ಹೀಗೆ ನಡೆಯಿತು. ಗಡಿಯಾರಗಳು ವಾಪಸ್ಸು ಬರುವುದು ಕಡಿಮೆಯಾಯಿತು. ತನ್ನ ಕಣ್ಣಂದಾಜು ಪಳಗುತ್ತಿದೆ ಎಂದು ಅಕ್ಕ ತಿಳಿದುಕೊಂಡಳು.

ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಹೋಗಿದ್ದ. ಅವಳ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಲೋಲಕದ ತುದಿ. ಸ್ಕ್ರೂಡ್ರೈವರ್ ಇಡಲು ಜಾಗವಿಲ್ಲದೆ ಅದರ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಒಳಗೆ ಇಣುಕಲು ಬಗ್ಗಿದಾಗ ಅದರ ತುದಿ ಹಿತ್ತಾಳೆಯ ತಗಡಿಗೆ ತಾಗಿತು. ತಲೆಯೊಳಗೆ ಟಿಕ್ ಎಂದಿತು. ಬೆಚ್ಚಿ ಹಿಂದೆ ಸರಿದಳು, ನಿಂತಿತು. ಮತ್ತೆ ತಾಗಿಸಿದಳು. ಟಿಕ್, ಟಾಕ್. ಹೊರಗಿನಿಂದ ಬಂದ ಸದ್ದಲ್ಲ, ದವಡೆಯ ಮೂಳೆ ಹಿಡಿದು ಒಳಗೇ ಬಂದದ್ದು. ಕಿವಿಯಿಂದ ಎಂದೂ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ತಮ್ಮ ಊಟ ಮುಗಿಸಿ ಬಂದಾಗ ಅವಳು ಬೆನ್ನು ತಿರುಗಿಸಿ ಕವೆ ಬಗ್ಗಿಸುತ್ತಿದ್ದಳು. ಅವನು ಎರಡು ಸಲ ಕರೆದದ್ದು ಅವಳ ಗಮನಕ್ಕೆ ಬರಲಿಲ್ಲ.

ಅಂದಿನಿಂದ ಅವಳು ಮಾಡಿದ ಒಂದು ಗಡಿಯಾರವೂ ಕುಂಟಲಿಲ್ಲ. ಆದರೆ ಅರವತ್ತೆರಡು ವರ್ಷದ ಹೆಂಗಸು ಗಡಿಯಾರವನ್ನು ಕಚ್ಚಿಕೊಂಡು ನಿಂತ ನೋಟ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಮ್ಮ ಊಟಕ್ಕೆ ಹೋದಾಗ ಮಾತ್ರ, ಬಾಗಿಲು ಅರ್ಧ ಮುಚ್ಚಿ ಆ ಕೆಲಸ ಮಾಡುತ್ತಿದ್ದಳು. ಹಿಡಿಯ ಮೇಲೆ ಹಲ್ಲಿನ ಗುರುತು ಬಿದ್ದಿತು.

"ಅಕ್ಕ, ಅಂಗಡೀಲಿ ಇಲಿ ಸೇರ್ಕೊಂಡಿದೆ" ಎಂದ ತಮ್ಮ ಒಂದು ದಿನ, ಸ್ಕ್ರೂಡ್ರೈವರನ್ನು ಬೆಳಕಿಗೆ ಹಿಡಿದು.

"ಹೌದಾ?"

"ನೋಡು, ಹೇಗೆ ಕಡಿದಿದೆ. ದೊಡ್ಡ ಇಲೀನೇ."

"ಎಷ್ಟು ದೊಡ್ಡದು?"

"ಹಲ್ಲು ನೋಡಿದ್ರೆ ಹೆಗ್ಗಣ ಇರ್ಬೇಕು."

"ಬಾಯಿ ಮುಚ್ಕೊಂಡು ನಿನ್ನ ಕೆಲಸ ನೋಡು" ಎಂದಳು ಅಕ್ಕ. ಮರುದಿನ ಅವನು ಒಂದು ಇಲಿಬೋನು ತಂದು ಅವಳ ಬೆಂಚಿನ ಕೆಳಗಿಟ್ಟ. ಅದರಲ್ಲಿ ಅವಳ ಚಪ್ಪಲಿ ಎರಡು ಸಲ ಸಿಕ್ಕಿಕೊಂಡಿತು.

ಅತ್ತ ತಮ್ಮನಿಗೂ ಬೆಳಗಿನ ಕೆಲಸ ತಪ್ಪಿತು. ಕಿವಿ ಇಟ್ಟು ನೋಡುತ್ತಿದ್ದ, ಎಲ್ಲ ಸರಿಯಿರುತ್ತಿತ್ತು. ಅಕ್ಕನ ಕಿವಿ ಅದಾಗಿಯೇ ವಾಸಿಯಾಯಿತೆಂದು ಅರ್ಧ ನಂಬಿದ. ಇನ್ನರ್ಧ ನಂಬಲಾರದೆ ಬೆಳಿಗ್ಗೆ ಬೇಗ ಏಳುವುದನ್ನು ಬಿಡಲಿಲ್ಲ.

ಇಷ್ಟು ಹೊತ್ತಿಗೆ ಊರಿನ ಗ್ರಂಥಾಲಯಕ್ಕೆ ಹೊಸ ಗ್ರಂಥಪಾಲಕಿ ಬಂದಳು. ಅಲ್ಲಿನ ದೊಡ್ಡ ಓದುಕೋಣೆಯ ಗೋಡೆಗೆ, ಒಮ್ಮೆ ಕೀ ಕೊಟ್ಟರೆ ಎಂಟು ದಿನ ಓಡುವ ಒಂದು ಗಡಿಯಾರವಿದೆ. ಓದುವವರಿಗೆ ತೊಂದರೆಯಾಗದಿರಲೆಂದು ಗಂಟೆ ಹೊಡೆಯದ ಜಾತಿಯದನ್ನೇ ಹುಡುಕಿ ತಂದಿದ್ದರಂತೆ. ಗಡಿಯಾರದಕ್ಕ ಇಪ್ಪತ್ತೆಂಟು ವರ್ಷದಿಂದ ಪ್ರತಿ ಸೋಮವಾರ ಅದಕ್ಕೆ ಕೀ ಕೊಟ್ಟಿದ್ದಾಳೆ. ಅವಳ ಕಣ್ಣಂದಾಜಿನ ದಿನಗಳಲ್ಲಿ ಅದು ಮೂರು ಸಲ ನಿಂತಿತ್ತು. ಹೊಸ ಗ್ರಂಥಪಾಲಕಿ ಹಳೆಯ ದಾಖಲೆ ಓದುವವಳು. ಆ ಮೂರು ಸಲವೂ ಅವಳ ಕಣ್ಣಿಗೆ ಬಿತ್ತು. ಅವಳು ಒಂದು ಬಿಳಿ ಪ್ಲಾಸ್ಟಿಕ್ಕಿನ ಬ್ಯಾಟರಿ ಗಡಿಯಾರ ತಂದು ಎದುರು ಗೋಡೆಗೆ ನೇತುಹಾಕಿ, ಅಕ್ಕನನ್ನು ಕರೆಸಿದಳು.

"ತಪ್ಪು ತಿಳೀಬೇಡಿ. ಪರೀಕ್ಷೆಗೆ ಓದೋ ಮಕ್ಕಳು ಇದನ್ನ ನಂಬಿ ಕೂತಿರ್ತಾರೆ. ನಿಲ್ಲೋ ಗಡಿಯಾರ ಇಟ್ಕೊಂಡು ನಾನೇನು ಮಾಡಲಿ?"

ಅಕ್ಕ ಬ್ಯಾಟರಿ ಗಡಿಯಾರವನ್ನು ಇಳಿಸಿ ಹಿಂದುಮುಂದು ನೋಡಿದಳು. ಅದರ ಬಗ್ಗೆ ಅವಳಿಗೆ ತಿರಸ್ಕಾರವಿರಲಿಲ್ಲ. ಒಳಗೊಂದು ಸಣ್ಣ ಕಲ್ಲಿನ ಸೀಳು ಸೆಕೆಂಡಿಗೆ ಮೂವತ್ತೆರಡು ಸಾವಿರ ಸಲಕ್ಕೂ ಹೆಚ್ಚು ನಡುಗುತ್ತದೆ, ಯಂತ್ರ ಆ ನಡುಕವನ್ನು ಎಣಿಸಿ ಎಣಿಸಿ ಸೆಕೆಂಡಿಗೊಮ್ಮೆ ಚಕ್ರವನ್ನು ಒಂದು ಹೆಜ್ಜೆ ತಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಇದು ಒಳ್ಳೇದೇ. ಇದಕ್ಕೆ ನಾನು ಬೇಕಾಗಿಲ್ಲ ಅಷ್ಟೆ" ಎಂದು ವಾಪಸ್ಸು ಹಾಕಿದಳು. ಆಮೇಲೆ ಹೇಳಿದಳು: "ಎಂಟು ದಿನ ಕೊಡಿ. ಬಿಚ್ಚಿ, ತೊಳೆದು, ಹೊಸದಾಗಿ ಕೂರಿಸ್ತೀನಿ. ಎಂಟು ದಿನದೊಳಗೆ ನಿಂತ್ರೆ ಅದನ್ನ ಇಳಿಸಿಬಿಡಿ. ನಾನೂ ಬೆಂಚು ಬಿಡ್ತೀನಿ."

"ಬೆಂಚು ಬಿಡೋ ಮಾತು ನಾನು ಆಡಿಲ್ಲ."

"ನಾನು ಆಡಿದೆ."

ಮನೆಯಲ್ಲಿ ಇದನ್ನು ಕೇಳಿ ನಾದಿನಿ ತಟ್ಟೆ ಕೆಳಗಿಟ್ಟಳು. "ಅತ್ತಿಗೆ, ಬೆಂಚು ಬಿಟ್ಟು ನೀವು ಮನೇಲಿ ಕೂತ್ರೆ ನನ್ನ ಗತಿ ಏನು?"

"ನಿನ್ನ ಅಡುಗೆಮನೆ ಗಡಿಯಾರ ಮೊದಲು ಸರಿ ಮಾಡ್ತೀನಿ" ಎಂದಳು ಅಕ್ಕ. ತಮ್ಮ ನಗಲಿಲ್ಲ.

ಸೋಮವಾರ ಬೆಳಿಗ್ಗೆ, ಓದುಗರು ಬರುವ ಮೊದಲು, ಅವಳು ತೊಳೆದ ಗಡಿಯಾರವನ್ನು ಗೋಡೆಗೇರಿಸಿದಳು. ದಾರ ಕಟ್ಟಿದ ತೂಗುಗುಂಡು ಇಳಿಬಿಟ್ಟು ಪೆಟ್ಟಿಗೆ ನೆಟ್ಟಗಿರುವುದನ್ನು ನೋಡಿದಳು. ಅಲ್ಲಿನ ಜವಾನನನ್ನು ಒಂದು ಬಕೀಟು ನೀರು ತರಲು ಕಳಿಸಿದಳು. ನೀರು ಅವಳಿಗೆ ಬೇಕಿರಲಿಲ್ಲ. ಅವನು ಬರುವಷ್ಟರಲ್ಲಿ ಕಚ್ಚಿ, ಕೇಳಿ, ಕವೆ ಬಗ್ಗಿಸಿ, ಮತ್ತೆ ಕೇಳಿ, ಏಣಿ ಇಳಿದಿದ್ದಳು. ನಡಿಗೆ ಎಷ್ಟು ಸಮವಾಗಿತ್ತೆಂದರೆ ಅವಳು ಆ ನೀರಿನಲ್ಲಿ ಓದುಕೋಣೆಯ ಕಿಟಕಿ ಗಾಜು ಒರೆಸಿ ಬಂದಳು.

ತಮ್ಮನಿಗೆ ಒಂದು ದಿನವೂ ತಡೆಯಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ, ಗಿರಾಕಿಯ ಮನೆಗೆ ಹೋಗಿಬರುತ್ತೇನೆಂದು ಹೇಳಿ, ಗ್ರಂಥಾಲಯಕ್ಕೆ ಹೋದ. ಗಡಿಯಾರದ ಕೆಳಗಿನ ಮೇಜಿನಲ್ಲಿ ಪತ್ರಿಕೆ ಬಿಡಿಸಿ ಕೂತ. ಜೀವಮಾನದಲ್ಲಿ ಪತ್ರಿಕೆಯ ಕೊನೆಯ ಪುಟ ಬಿಟ್ಟು ಬೇರೆ ಓದಿದವನಲ್ಲ. ಅಂದು ಒಂದೇ ಪುಟವನ್ನು ಮುಕ್ಕಾಲು ಗಂಟೆ ಹಿಡಿದ. ಕಣ್ಣು ಪತ್ರಿಕೆಯಲ್ಲಿ, ಕಿವಿ ಗೋಡೆಯಲ್ಲಿ. ಗಡಿಯಾರ ಕುಂಟುತ್ತಿತ್ತು. ಅನುಮಾನವೇ ಇಲ್ಲ. ಟಿಕ್ ಎಳೆದುಕೊಂಡು ಬೀಳುತ್ತಿತ್ತು, ಟಾಕ್ ಗಿಡ್ಡವಾಗಿ ಬೀಳುತ್ತಿತ್ತು.

ಜವಾನ ಚಹಾಕ್ಕೆ ಹೋದ. ಆ ಹೊತ್ತಿಗೆ ಇದ್ದ ಇನ್ನೊಬ್ಬ ಓದುಗ ತೂಕಡಿಸುತ್ತಿದ್ದ. ತಮ್ಮ ಚಪ್ಪಲಿ ಬಿಟ್ಟು, ಮೇಜಿನ ಮೇಲೆ ಹತ್ತಿದ. ಪೆಟ್ಟಿಗೆ ತೆರೆದು ಕವೆ ಬಗ್ಗಿಸಲು ಸಮಯವಿರಲಿಲ್ಲ. ಇನ್ನೊಂದು ಅಡ್ಡದಾರಿ ಅವನಿಗೆ ಗೊತ್ತಿತ್ತು: ಪೆಟ್ಟಿಗೆ ವಾಲಿಸಿದರೂ ನಡಿಗೆ ಬದಲಾಗುತ್ತದೆ. ಪೆಟ್ಟಿಗೆಯ ಬುಡವನ್ನು ಉಗುರಿನಷ್ಟು ಎಡಕ್ಕೆ ತಳ್ಳಿದ. ಕೇಳಿದ. ಇನ್ನೊಂದು ಸ್ವಲ್ಪ ತಳ್ಳಿದ. ಈಗ ಸರಿಯೆನ್ನಿಸಿತು. ಕೈಗಡಿಯಾರದ ಪಟ್ಟಿಗೆ ಹಾಕುವ ಒಂದು ಸಣ್ಣ ಪಿನ್ನನ್ನು ಪೆಟ್ಟಿಗೆ ಮತ್ತೆ ಜಾರದಂತೆ ಗೋಡೆಯ ಗಾರೆಗೆ ಒತ್ತಿ, ಕೆಳಗಿಳಿದು, ಚಪ್ಪಲಿ ಮೆಟ್ಟಿಕೊಂಡು, ಪತ್ರಿಕೆ ಮಡಿಸಿಟ್ಟು ಬಂದ. ಆ ಮಧ್ಯಾಹ್ನ ಅಂಗಡಿಯಲ್ಲಿ ಶಿಳ್ಳೆ ಹಾಕಿದ.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಗ್ರಂಥಾಲಯದ ಜವಾನ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತ. ಒಳಗೆ ಬರಲಿಲ್ಲ.

"ಅಕ್ಕ, ನಿಂತ್ಹೋಯ್ತು. ಹನ್ನೊಂದು ಇಪ್ಪತ್ತಕ್ಕೆ."

ಅಕ್ಕ ಇನ್ನೊಮ್ಮೆ ಹೇಳಿಸಿದಳು. ಅವಳಿಗೆ ಕೇಳಿಸಿತ್ತು, ನಂಬಿಕೆಯಾಗಿರಲಿಲ್ಲ. "ಸರಿ. ಮೇಡಂಗೆ ಹೇಳು, ಇಳಿಸಿಬಿಡಲಿ ಅಂತ" ಎಂದಳು.

ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಮಾತು ಕೊಟ್ಟದ್ದು ತಾನು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳು ಬಹಳ ದಿನಗಳ ಮೇಲೆ ಒಪ್ಪಿಕೊಂಡಳು. ಕಿವಿ ಹೋದಾಗ ಅವಳ ಬಳಿ ಹಲ್ಲಿತ್ತು. ಹಲ್ಲೂ ಸುಳ್ಳು ಹೇಳಿದೆಯೆಂದರೆ ಮುಂದೆ ಕಚ್ಚಲು ಏನೂ ಉಳಿದಿರಲಿಲ್ಲ. ಅದನ್ನು ಏಣಿಯ ಮೇಲೆ ನಿಂತು, ಜನರೆದುರು ತಿಳಿದುಕೊಳ್ಳುವ ಮನಸ್ಸಿರಲಿಲ್ಲ.

ಅವಳು ಬೆಂಚು ಖಾಲಿ ಮಾಡತೊಡಗಿದಳು. ಅರಗಳನ್ನು ಉದ್ದದ ಪ್ರಕಾರ ಜೋಡಿಸಿದಳು. ಎಣ್ಣೆ ಕಡ್ಡಿಗಳನ್ನು ಒರೆಸಿದಳು. ಒಂದೊಂದು ಕೀಲಿಕೈಗೂ ಅದರ ಅಳತೆ ಬರೆದ ಚೀಟಿ ಕಟ್ಟಿದಳು. ಪಕ್ಕದ ದರ್ಜಿ ಇಣುಕಿ, "ಏನಕ್ಕಾ, ಅಂಗಡಿ ಬದಲಾಯಿಸ್ತಿದ್ದೀಯಾ?" ಎಂದು ಕೇಳಿದ. "ಜನ ಬದಲಾಗ್ತಿದ್ದಾರೆ" ಎಂದಳು. ಅವನು ತಲೆ ಒಳಗೆಳೆದುಕೊಂಡ.

ತಮ್ಮ ಒಂದು ಕೈಗಡಿಯಾರವನ್ನು ಬಿಚ್ಚಿಟ್ಟುಕೊಂಡು ಅದನ್ನು ಮುಟ್ಟದೆ ಒಂದು ಗಂಟೆ ಕೂತ. ಬಾಯಿ ಬಿಟ್ಟರೆ ಎರಡು ವಿಷಯ ಒಟ್ಟಿಗೆ ಹೊರಬೀಳುತ್ತವೆ. ಗಡಿಯಾರವನ್ನು ತಾನು ಮುಟ್ಟಿದ್ದು ಒಂದು, ಅಕ್ಕನಿಗೆ ಕಿವಿ ಕೇಳದೆಂದು ತಾನು ಬಲ್ಲೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವಳು ಹೊಡೆದರೂ ಸರಿ ಎನ್ನಿಸಿತು. ಎರಡನೆಯದನ್ನು ಅವಳ ಮುಖಕ್ಕೆ ಹೇಳುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ಅವಳು ಅಪ್ಪನ ಕಾಲದ ತೂಗುಗುಂಡಿಗೆ ದಾರ ಸುತ್ತುವುದನ್ನು ನೋಡಲಾರದೆ ಎದ್ದ.

"ಅಕ್ಕ, ಅದನ್ನ ಇಡು. ನಾನು ಮುಟ್ಟಿದೀನಿ."

"ಏನನ್ನ?"

"ಲೈಬ್ರರಿ ಗಡಿಯಾರಾನ. ಮಂಗಳವಾರ. ಕುಂಟ್ತಿತ್ತು. ನಿನಗೆ ಗೊತ್ತಾಗಲ್ಲ ಅಂತ..." ಅವನು ತನ್ನ ಕಿವಿಯನ್ನು ಮುಟ್ಟಿ ತೋರಿಸಿದ. "ಒಂದೂವರೆ ವರ್ಷದಿಂದ ಗೊತ್ತು ನನಗೆ. ದಿನಾ ಬೆಳಿಗ್ಗೆ ಬಂದು ನಾನೇ ಸರಿ ಮಾಡ್ತಿದ್ದೆ."

ಅಕ್ಕ ಅವನನ್ನೇ ನೋಡಿದಳು. ಕಿವಿಯ ಮಾತು ಅವಳನ್ನು ತಾಗಿದಂತೆ ಕಾಣಲಿಲ್ಲ.

"ಕವೆ ಬಗ್ಗಿಸಿದ್ಯಾ?"

"ಇಲ್ಲ. ಟೈಮಿರ್ಲಿಲ್ಲ. ಪೆಟ್ಟಿಗೆ ವಾಲಿಸ್ದೆ."

"ವಾಲಿಸಿದ್ಯಾ?" ಅವಳ ದನಿ ಏರಿತು. "ವಾಲಿಸಿದ್ಯೇನೋ? ಅಪ್ಪ ನಿನಗೆ ಕಲಿಸಿದ್ದು ಇದನ್ನೇನೋ? ಯಾರೋ ಧೂಳು ಹೊಡೆಯೋನು ನೆಟ್ಟಗೆ ಮಾಡಿದ್ರೆ ಏನಾಗುತ್ತೆ ಅನ್ನೋ ಬುದ್ಧಿ ಬೇಡ್ವಾ? ವಾಲಿಸೋದಂತೆ! ನಾಚಿಕೆಯಾಗ್ಬೇಕು!"

"ಪಿನ್ನು ಹೊಡೆದಿದೀನಿ, ಜಾರಲ್ಲ."

"ಗೋಡೆಗೆ ಪಿನ್ನು ಬೇರೆ ಹೊಡೆದ್ಯಾ?"

ಪಕ್ಕದಲ್ಲಿ ಹೊಲಿಗೆ ಯಂತ್ರ ನಿಂತಿತು. ದರ್ಜಿ ಕೇಳಿಸಿಕೊಳ್ಳುತ್ತಿದ್ದ. ಅಕ್ಕ ಏಪ್ರನ್ ಬಿಚ್ಚಿ ಬೆಂಚಿನ ಮೇಲೆ ಎಸೆದು, ತೂಗುಗುಂಡು, ಸ್ಕ್ರೂಡ್ರೈವರ್ ಎರಡನ್ನೂ ಎತ್ತಿಕೊಂಡಳು. "ನಡಿ" ಎಂದಳು.

ಗ್ರಂಥಪಾಲಕಿ ಇನ್ನೂ ಗಡಿಯಾರ ಇಳಿಸಿರಲಿಲ್ಲ. ತಮ್ಮ ಅವಳ ಮೇಜಿನ ಮುಂದೆ ನಿಂತು ಎಲ್ಲ ಒಪ್ಪಿಕೊಂಡ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಮೇಜಿನ ಮೇಲೆ ಚಪ್ಪಲಿ ಹಾಕ್ಕೊಂಡೇ ಹತ್ತಿದ್ರಾ?"

"ಬಿಟ್ಟು ಹತ್ತಿದೆ ಮೇಡಂ."

"ಅಷ್ಟಾದ್ರೂ ಮಾಡಿದ್ರಲ್ಲ."

ಜವಾನ ಏಣಿ ಹಿಡಿದ. ಅಕ್ಕ ಪಿನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಂಡು ಇಳಿಬಿಟ್ಟು ಪೆಟ್ಟಿಗೆಯನ್ನು ನೆಟ್ಟಗೆ ಮಾಡಿ, ಲೋಲಕವನ್ನು ಬೆರಳಲ್ಲಿ ತಳ್ಳಿದಳು. ಓಡತೊಡಗಿತು. ಕೆಳಗೆ ನಿಂತ ತಮ್ಮ ತಲೆ ವಾಲಿಸಿ ಆಲಿಸಿದ.

"ನೋಡು, ಈಗ್ಲೂ ಕುಂಟ್ತಿದೆ ಅಕ್ಕ. ಸುಳ್ಳು ಹೇಳ್ತಿಲ್ಲ ನಾನು. ಟಿಕ್ ಎಳೀತಿದೆ."

ಅಕ್ಕ ಏಣಿಯ ಮೇಲಿಂದ ಸುತ್ತ ನೋಡಿದಳು. ಕೋಣೆಯಲ್ಲಿ ಐದಾರು ಓದುಗರಿದ್ದರು. ಅವಳು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ತಗಡಿಗೆ ತಾಗಿಸಿ, ಕಣ್ಣು ಮುಚ್ಚಿದಳು. ಯಾರೋ ಕಿಸಕ್ಕೆಂದು ನಕ್ಕರು. ಅವಳು ಕಣ್ಣು ತೆರೆಯಲಿಲ್ಲ. ನಿಧಾನವಾಗಿ ಇಳಿದು ಬಂದು ತಮ್ಮನ ಕೈಗೆ ಅದನ್ನು ಕೊಟ್ಟಳು.

"ಹತ್ತು."

ತಮ್ಮ ಹಿಡಿಯ ಮೇಲಿನ ಗುರುತುಗಳನ್ನು ನೋಡಿದ. ಅಕ್ಕನ ಬಾಯಿ ನೋಡಿದ. "ಹೆಗ್ಗಣ" ಎಂದ ಮೆಲ್ಲಗೆ.

"ಹತ್ತೋ. ಕಚ್ಚು. ಎರಡು ಕಿವೀಲೂ ಬೆರಳಿಟ್ಕೋ."

ಅವನು ಹತ್ತಿದ, ಕಚ್ಚಿದ, ಕಿವಿ ಮುಚ್ಚಿಕೊಂಡ. ಏಣಿಯ ಮೇಲೆ ಹಾಗೆ ಅಲುಗದೆ ನಿಂತ. ಸಮ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲದ ಸಮ. ಕಿವಿಯಿಂದ ಬೆರಳು ತೆಗೆದ. ಕುಂಟು. ಮತ್ತೆ ಮುಚ್ಚಿದ. ಸಮ. ಬಾಯಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಅವನು ಹಿಂತಿರುಗಿ ಕೋಣೆಯನ್ನು ನೋಡಿದ. ಎದುರು ಗೋಡೆಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಗಡಿಯಾರದ ಕೆಂಪು ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಹಾಕುತ್ತಿತ್ತು.

ಅಕ್ಕನ ಗಡಿಯಾರ ಸೆಕೆಂಡಿಗೆ ಎರಡು ಸದ್ದು ಮಾಡುತ್ತದೆ. ಬ್ಯಾಟರಿಯದು ಒಂದು. ಆ ಒಂದು ಪ್ರತಿ ಸಲವೂ ಇದರ ಟಿಕ್‌ನ ಬಾಲಕ್ಕೇ ಬಂದು ಅಂಟಿಕೊಳ್ಳುತ್ತಿತ್ತು. ಕಿವಿ ಚೆನ್ನಾಗಿದ್ದವನು ಎರಡು ಗಡಿಯಾರವನ್ನು ಕೂಡಿಸಿ ಒಂದಾಗಿ ಕೇಳಿದ್ದ. ಕಿವಿಯಿಲ್ಲದವಳಿಗೆ ಎರಡನೆಯದರ ಸದ್ದು ಇದ್ದದ್ದೇ ಗೊತ್ತಿರಲಿಲ್ಲ.

ಅವನು ಬೆರಳು ಚಾಚಿ ತೋರಿಸಿದ. ಗ್ರಂಥಪಾಲಕಿ ಚುರುಕು ಹೆಂಗಸು. ಏನೂ ಕೇಳದೆ ಎದುರು ಗೋಡೆಗೆ ಹೋಗಿ, ಬಿಳಿ ಗಡಿಯಾರವನ್ನು ಇಳಿಸಿ, ಬ್ಯಾಟರಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. ಎಲ್ಲರೂ ಆಲಿಸಿದರು. ಈಗ ಕೋಣೆಯಲ್ಲಿ ಒಂದೇ ನಡಿಗೆ ಇತ್ತು, ನೆಟ್ಟಗೆ, ಅವಸರವಿಲ್ಲದೆ.

"ಸರಿಯಾಗಿದೆ" ಎಂದ ತಮ್ಮ. ಬಾಯಲ್ಲಿ ಇನ್ನೂ ಸ್ಕ್ರೂಡ್ರೈವರಿತ್ತು.

"ಏನಂದೆ?"

"ಸರಿಯಾಗಿದೆ ಅಂದೆ! ಮೊದಲಿಂದ್ಲೂ ಸರಿಯಾಗೇ ಇತ್ತು!"

ಗ್ರಂಥಪಾಲಕಿ ಬ್ಯಾಟರಿಯನ್ನು ಮೇಜಿನ ಖಾನೆಗೆ ಹಾಕಿದಳು. "ಆದ್ರೂ ಗಡಿಯಾರ ನಿಂತಿದ್ದು ನಿಜ. ನಿಲ್ಲಿಸಿದೋರು ಯಾರೇ ಆಗ್ಲಿ. ಇವತ್ತಿನಿಂದ ಮತ್ತೆ ಎಂಟು ದಿನ ಎಣಿಸೋಣ. ಮುಂದಿನ ವಾರದ ಶನಿವಾರ ಈ ಹೊತ್ತಿಗೆ. ಒಂದು ಷರತ್ತು."

"ಹೇಳಿ" ಎಂದಳು ಅಕ್ಕ.

"ಅಲ್ಲಿವರೆಗೂ ನಿಮ್ಮ ತಮ್ಮ ಈ ಬಾಗಿಲೊಳಗೆ ಕಾಲಿಡಬಾರದು."

ಅಕ್ಕ ಕೀ ಕೊಟ್ಟು, ಅದು ಇನ್ನು ತಿರುಗದೆನ್ನುವ ತನಕ ಬಿಗಿದು, ಮುಳ್ಳು ಸರಿ ಮಾಡಿ ಇಳಿದಳು.

ಆ ಎಂಟು ದಿನ ಅವಳ ಬೆಂಚು ಖಾಲಿಯೇ ಇತ್ತು. ಚೀಟಿ ಕಟ್ಟಿದ ಕೀಲಿಕೈಗಳು ಡಬ್ಬಿಯಲ್ಲಿ, ಅರಗಳು ಬಟ್ಟೆಯಲ್ಲಿ. "ಒಂದನ್ನಾದ್ರೂ ಬಿಚ್ಚು ಅಕ್ಕ, ಗಿರಾಕಿಗಳು ಬರ್ತಿದ್ದಾರೆ" ಎಂದು ತಮ್ಮ ಅಂಗಲಾಚಿದ. "ಶನಿವಾರ ಗೊತ್ತಾಗುತ್ತೆ" ಎಂದಳು. ಅವನ ವಿಷಯದಲ್ಲಿ ಅವಳಿಗಿದ್ದ ಸಿಟ್ಟು ಮೂರು ದಿನದಲ್ಲಿ ಇಳಿಯಿತು. ಗಡಿಯಾರವನ್ನು ವಾಲಿಸಿದ್ದರ ಸಿಟ್ಟು ಇಳಿಯಲಿಲ್ಲ. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ವಾಲಿಸೋದಂತೆ!" ಎನ್ನುತ್ತಿದ್ದಳು. ನಾದಿನಿ ಗಂಡನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಅವನು ಪ್ರತಿ ಸಂಜೆ ಗ್ರಂಥಾಲಯದ ಮೆಟ್ಟಿಲವರೆಗೆ ಹೋಗಿ, ಜವಾನನಿಂದ ಸುದ್ದಿ ಕೇಳಿ ಬರುತ್ತಿದ್ದ. ಬಾಗಿಲು ದಾಟಲಿಲ್ಲ.

ಶನಿವಾರ ಮಧ್ಯಾಹ್ನ ಅಕ್ಕ, ತಮ್ಮ ಇಬ್ಬರೂ ಹೋದರು. ಗಡಿಯಾರ ಓಡುತ್ತಿತ್ತು. ಎಂಟು ದಿನಕ್ಕೆ ಎರಡು ನಿಮಿಷ ಹಿಂದೆ ಬಿದ್ದಿತ್ತು.

"ಓಡ್ತಿದೆ, ಒಪ್ಪಿದೆ" ಎಂದಳು ಗ್ರಂಥಪಾಲಕಿ. "ಆದರೆ ನಾನು ಹಗಲೆಲ್ಲ ಇಲ್ಲೇ ಕೂತಿರಲಿಲ್ಲ. ಮಧ್ಯೆ ಗಡಿಯಾರ ನಿಂತು, ನಮ್ಮ ಜವಾನ ನಿಮ್ಮ ಮೇಲಿನ ಪ್ರೀತಿಗೆ ತಳ್ಳಿ ಓಡಿಸಿ ಮುಳ್ಳು ತಿರುಗಿಸಿಟ್ಟಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

ಜವಾನ ಎದೆಯ ಮೇಲೆ ಕೈಯಿಟ್ಟುಕೊಂಡ. ಅಕ್ಕನಿಗೆ ಆ ಪ್ರಶ್ನೆ ಹಿಡಿಸಿತು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವಳಿಗೆ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

"ಸ್ಪ್ರಿಂಗನ್ನ ಕೇಳೋಣ" ಎಂದಳು. "ಇದು ದಿನಕ್ಕೆ ಕೀಲಿಯ ಎರಡು ಸುತ್ತು ತಿನ್ನುತ್ತೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದ ವಾರದ ಶುಕ್ರವಾರ ನಿಮ್ಮೆದುರೇ ಪೂರ್ತಿ ತುಂಬಿದೀನಿ. ಎಂಟು ದಿನ ಬಿಡದೆ ಓಡಿದ್ರೆ ಈಗ ಹದಿನಾರು ಸುತ್ತು ಹಿಡೀಬೇಕು. ಅರ್ಧ ದಿನ ನಿಂತಿದ್ರೂ ಹದಿನೈದಕ್ಕೇ ಕೀ ಬಿಗಿಯುತ್ತೆ. ಮುಳ್ಳು ತಿರುಗಿಸಬಹುದು ಮೇಡಂ, ಸ್ಪ್ರಿಂಗಿಗೆ ಸುಳ್ಳು ಹೇಳಿಕೊಡೋಕಾಗಲ್ಲ."

ಅವಳು ಕೀಲಿಕೈಯನ್ನು ತಮ್ಮನ ಕಡೆ ಚಾಚಿದಳು. ತಮ್ಮ ಅದನ್ನು ತೆಗೆದುಕೊಳ್ಳದೆ ಅವಳ ಮುಖ ನೋಡಿದ.

"ನಾನಾ?"

"ನಾನು ಕೊಟ್ರೆ ನನ್ನ ಕೈಚಳಕ ಅಂತಾರೆ. ನಿನಗೆ ಚಳಕ ಇಲ್ಲ ಅಂತ ಇಲ್ಲಿ ಎಲ್ರಿಗೂ ಗೊತ್ತಾಗಿದೆ. ಹತ್ತು. ಬಾಯಿ ಬಿಟ್ಟು ಎಣಿಸು."

ಅವನು ಹತ್ತಿ ಕೀಲಿ ತೂರಿಸಿದ. ಒಂದು, ಎರಡು. ಪ್ರತಿ ಸುತ್ತಿಗೂ ಒಳಗೆ ಹಲ್ಲುಗಳು ಕರಕರ ಎನ್ನುತ್ತಿದ್ದವು. ಆರು, ಏಳು. ಅಕ್ಕ ಏಣಿಯ ಬುಡದಲ್ಲಿ, ಮೆಲುದನಿ ಕೇಳಿಸದೆ, ಕತ್ತೆತ್ತಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ಹತ್ತರ ಹೊತ್ತಿಗೆ ಅವನು ಕೀಲಿಯ ಕಡೆಗೆ ಮುಖ ತಿರುಗಿಸಿದ್ದರಿಂದ ತುಟಿ ಕಾಣದಾಯಿತು.

"ಎಷ್ಟು?" ಎಂದಳು.

ಗುಟ್ಟು ಹೊರಬೀಳುವವರೆಗಿನ ಒಂದೂವರೆ ವರ್ಷ ಅವನು ಅವಳೆದುರು ದನಿ ಏರಿಸಿರಲಿಲ್ಲ. ಏರಿಸಿದರೆ ತನಗೆ ಗೊತ್ತೆಂದು ಅವಳಿಗೆ ತಿಳಿದುಬಿಡುತ್ತದೆಂಬ ಹೆದರಿಕೆ. ಈಗ ಆ ಹೆದರಿಕೆಗೆ ಅರ್ಥವಿರಲಿಲ್ಲ.

"ಹನ್ನೊಂದು!" ಎಂದು ಕೂಗಿದ. "ಹನ್ನೆರಡು! ಹದಿಮೂರು!"

ಓದುಕೋಣೆಯಲ್ಲಿದ್ದವರೆಲ್ಲ ಪುಸ್ತಕದಿಂದ ತಲೆಯೆತ್ತಿದರು. ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಫಲಕವಿತ್ತು. ಅದರ ಕೆಳಗೆ ನಿಂತಿದ್ದ ಗ್ರಂಥಪಾಲಕಿ ಒಂದು ಮಾತೂ ಆಡಲಿಲ್ಲ.

"ಹದಿನಾಲ್ಕು!"

ಕೀಲಿ ಬಿಗಿಯಾಗತೊಡಗಿತ್ತು. ಅವನು ಎರಡೂ ಕೈ ಹಚ್ಚಿದ.

"ಹದಿನೈದು!"

ಅಕ್ಕ ಏಣಿಯ ಕಾಲನ್ನು ಹಿಡಿದುಕೊಂಡಳು. ತಮ್ಮ ಉಸಿರು ಬಿಗಿಹಿಡಿದು ತಿರುಗಿಸಿದ. ಕರಕರ ಎಂದಿತು, ತಿರುಗಿತು, ಪೂರ್ತಿ ತಿರುಗಿತು, ಆಮೇಲೆ ಅಲ್ಲಾಡಲಿಲ್ಲ.

"ಹದಿನಾರು!"

ಅಷ್ಟು ಜೋರಾಗಿ ಕೂಗಬೇಕಾಗಿರಲಿಲ್ಲ. ಬೀದಿಗೂ ಕೇಳಿಸಿತು.

"ಕೇಳಿಸ್ತು ಕಣೋ" ಎಂದಳು ಅಕ್ಕ. "ಇಳಿ. ಅಂಗಡಿ ಬಾಗಿಲು ತೆಗೀಬೇಕು."